ಷಡ್ಜವನ್ನು ಕದಲಿಸದ ಎಫ್‌ಎಂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಮತ್ತು ಸಂಗೀತ ಕಲಿಯುತ್ತಿರುವ ಗೆಳೆಯರಿಗೆ,

ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ಮಾಡ್ಯುಲರ್ ಸಿಂಥಸೈಜರ್‌ನ ಆಸಿಲೇಟರ್‌ಗಳಲ್ಲಿ ಅನೇಕವಕ್ಕೆ ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಷನ್, ಅಂದರೆ ಆವೃತ್ತಿಯ ತೂಗಾಟ) ಎಂದು ಬರೆದ ಎರಡು ತೂತುಗಳಿರುತ್ತವೆ, ಒಂದು ಎಕ್ಸ್‌ಪೊನೆನ್ಷಿಯಲ್, ಇನ್ನೊಂದು ಲೀನಿಯರ್. ಒಂದೇ ಸಂಕೇತವನ್ನು ಮೊದಲನೆಯದಕ್ಕೆ ಕೊಟ್ಟರೆ ಶ್ರುತಿ ಹಾಳಾಗುತ್ತದೆ, ಎರಡನೆಯದಕ್ಕೆ ಕೊಟ್ಟರೆ ಶ್ರುತಿ ನಿಂತು ನಾದದ ಬಣ್ಣ ಮಾತ್ರ ಬದಲಾಗುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ, ಲೀನಿಯರ್ ಹೆಚ್ಚು ಸಂಗೀತಮಯ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ಅದು ಉತ್ತರವಲ್ಲ, ಬರೀ ಶಿಫಾರಸು. ಎರಡರ ವ್ಯತ್ಯಾಸ ರುಚಿಗೆ ಸೇರಿದ್ದಲ್ಲ, ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಬಹುದಾದದ್ದು, ಕಿವಿಯಲ್ಲಿ ಪರೀಕ್ಷಿಸಬಹುದಾದದ್ದು ಎಂಬುದು ನನ್ನ ವಾದ. ಆ ಲೆಕ್ಕ ನಿಮ್ಮಲ್ಲಿ ಒಂದು ಗುಂಪಿನ ಬಳಿ ಇದೆ, ಆ ಕಿವಿ ಇನ್ನೊಂದು ಗುಂಪಿನ ಬಳಿ ಇದೆ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ನಡೆಯುತ್ತಿದೆ. ಇನ್‌ಸ್ಯಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಅದೇ ಊರಲ್ಲಿದೆ. ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ರುದ್ರಪಟ್ಟಣ ಆರ್.ಕೆ. ಶ್ರೀಕಂಠನ್, ಆರ್.ಕೆ. ಪದ್ಮನಾಭ ಮೊದಲಾದ ವಿದ್ವಾಂಸರನ್ನು ಕೊಟ್ಟ ಊರು. ಅಲ್ಲಿನ ಸಪ್ತಸ್ವರ ದೇವತೆಗಳ ಮಂದಿರವನ್ನು ತಂಬೂರಿಯ ಆಕಾರದಲ್ಲೇ ಕಟ್ಟಿದ್ದಾರೆ. ಒಂದೇ ಜಿಲ್ಲೆಯೊಳಗಿನ ಈ ಎರಡು ವಿದ್ಯೆಗಳು ಒಂದೇ ಮೇಜಿನ ಮುಂದೆ ಕೂತು ಮಾಡಬಹುದಾದ ಕೆಲಸಗಳಲ್ಲಿ ಇದೂ ಒಂದು.

ಮೊದಲು ಎಕ್ಸ್‌ಪೊನೆನ್ಷಿಯಲ್ ದಾರಿಯ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಅದು ತಪ್ಪಾದ ದಾರಿಯಲ್ಲ. ಮಾಡ್ಯುಲರ್ ಸಿಂಥಸೈಜರ್ ಎಂದರೆ ಬಿಡಿಬಿಡಿ ಸರ್ಕ್ಯೂಟುಗಳ ಕೂಟ. ಆಸಿಲೇಟರ್, ಫಿಲ್ಟರ್, ಆಂಪ್ಲಿಫೈಯರ್ ಎಲ್ಲವನ್ನೂ ವೈರುಗಳಿಂದ ಜೋಡಿಸಿ, ಒಂದರ ವೋಲ್ಟೇಜಿನಿಂದ ಇನ್ನೊಂದನ್ನು ಆಳುವುದು ಅದರ ಕ್ರಮ. ಅಮೆರಿಕದ ರಾಬರ್ಟ್ ಮೂಗ್ 1960ರ ದಶಕದಲ್ಲಿ ಬಳಕೆಗೆ ತಂದ ನಿಯಮದಂತೆ ಒಂದು ವೋಲ್ಟ್ ಏರಿದರೆ ಆಸಿಲೇಟರಿನ ಆವೃತ್ತಿ ಇಮ್ಮಡಿಯಾಗಿ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಕಿವಿ ಸ್ವರಾಂತರವನ್ನು ಅನುಪಾತದಲ್ಲಿ ಅಳೆಯುತ್ತದಾದ್ದರಿಂದ ಈ ನಿಯಮ ಸರಿಯಾದದ್ದೇ. 200 ಹರ್ಟ್ಸ್‌ನಿಂದ 300ಕ್ಕೆ ಹೋದರೂ 400ರಿಂದ 600ಕ್ಕೆ ಹೋದರೂ ಕೇಳುವುದು ಷಡ್ಜದಿಂದ ಪಂಚಮವೇ. ಇದನ್ನು ಸಾಧಿಸುವುದು ಟ್ರಾನ್ಸಿಸ್ಟರಿನ ಸಹಜ ಗುಣ: ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 18 ಮಿಲಿವೋಲ್ಟ್ ಹೆಚ್ಚಾದಾಗೆಲ್ಲ ಅದರ ಮೂಲಕ ಹರಿಯುವ ಕರೆಂಟು ಇಮ್ಮಡಿಯಾಗುತ್ತದೆ. ಕೀಬೋರ್ಡಿನಿಂದ ಬರುವ ವೋಲ್ಟೇಜನ್ನು ಅಷ್ಟಕ್ಕೆ ತಗ್ಗಿಸಿ ಟ್ರಾನ್ಸಿಸ್ಟರ್ ಜೋಡಿಗೆ ಕೊಟ್ಟರೆ ಕೆಲಸ ಮುಗಿಯಿತು. ಸ್ವರವನ್ನು ತೂಗುವುದಕ್ಕೆ, ಕಂಪಿತ ಕೊಡುವುದಕ್ಕೆ, ಜಾರುವುದಕ್ಕೆ ಇದೇ ಸರಿಯಾದ ದಾರಿ, ಯಾವ ಸ್ಥಾಯಿಯಲ್ಲಿ ನುಡಿಸಿದರೂ ಗಮಕದ ಅಗಲ ಕಿವಿಗೆ ಒಂದೇ ಆಗಿರುತ್ತದೆ.

ತೊಡಕು ಶುರುವಾಗುವುದು ತೂಗಾಟದ ವೇಗ ಹೆಚ್ಚಾದಾಗ. ಸೆಕೆಂಡಿಗೆ ಐದಾರು ಸಲ ತೂಗಿದರೆ ಕಿವಿ ಅದನ್ನು ಸ್ವರದ ಚಲನೆಯಾಗಿ ಗ್ರಹಿಸುತ್ತದೆ. ಅದೇ ತೂಗಾಟ ಸೆಕೆಂಡಿಗೆ ನೂರಾರು ಸಲವಾದರೆ ಚಲನೆ ಕಿವಿಗೆ ಸಿಗುವುದಿಲ್ಲ, ಅದರ ಬದಲು ಹೊಸ ಅಂಶಸ್ವರಗಳಿರುವ ಒಂದು ಗಟ್ಟಿ ನಾದ ಕೇಳುತ್ತದೆ. ಈಗ ಲೆಕ್ಕಕ್ಕೆ ಬರೋಣ. ಷಡ್ಜ 200 ಹರ್ಟ್ಸ್ ಇರಲಿ, ಅದನ್ನು ತೂಗಿಸುವ ಅಲೆ, ಅಂದರೆ ಮಾಡ್ಯುಲೇಟರ್, ಸೈನ್ ಅಲೆಯಾಗಿರಲಿ. ಎಕ್ಸ್‌ಪೊನೆನ್ಷಿಯಲ್ ತೂತಿಗೆ ಕೊಟ್ಟು ಒಂದು ಸ್ಥಾಯಿ ಮೇಲಕ್ಕೂ ಒಂದು ಸ್ಥಾಯಿ ಕೆಳಕ್ಕೂ ತೂಗಿಸಿದರೆ ಆವೃತ್ತಿ 400ರಿಂದ 100ರವರೆಗೆ ಓಡಾಡುತ್ತದೆ. ಮೇಲಕ್ಕೆ 200, ಕೆಳಕ್ಕೆ 100. ಕಿವಿಯ ಅನುಪಾತದಲ್ಲಿ ಇವೆರಡೂ ಸಮ, ಹರ್ಟ್ಸ್ ಲೆಕ್ಕದಲ್ಲಿ ಸಮವಲ್ಲ. ಸರಳ ಬಡ್ಡಿಗೂ ಚಕ್ರಬಡ್ಡಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ಹೀಗೆ ಓಡಾಡುವ ಅಲೆಯ ಸರಾಸರಿ ಆವೃತ್ತಿ ಎಷ್ಟು? ಸೈನ್ ಅಲೆಯ ಒಂದು ಪೂರ್ತಿ ಸುತ್ತಿಗೆ ಸರಾಸರಿ ತೆಗೆದರೆ 224.8 ಹರ್ಟ್ಸ್ ಬರುತ್ತದೆ. ಸಂಗೀತದ ವಿದ್ಯಾರ್ಥಿಗಳು ಈ ಅಂಕಿಯನ್ನು ಸ್ವಲ್ಪ ದಿಟ್ಟಿಸಿ ನೋಡಬೇಕು. 200 ಹರ್ಟ್ಸ್ ಷಡ್ಜಕ್ಕೆ ಚತುಶ್ರುತಿ ರಿಷಭ ಒಂಬತ್ತಕ್ಕೆ ಎಂಟರ ಅನುಪಾತದಲ್ಲಿ 225 ಹರ್ಟ್ಸ್. ಅಂದರೆ ಷಡ್ಜವನ್ನು ಮುಟ್ಟದೆ, ಬರೀ ಮಾಡ್ಯುಲೇಷನ್ನಿನ ಗುಂಡಿ ತಿರುಗಿಸಿದ್ದರಿಂದಲೇ ನಾದದ ಕೇಂದ್ರ ಷಡ್ಜ ಬಿಟ್ಟು ರಿಷಭದಲ್ಲಿ ಬಂದು ಕೂತಿತು. ಗುಂಡಿಯನ್ನು ಅರ್ಧ ಸ್ಥಾಯಿಗೆ ಇಳಿಸಿದರೆ ಕೇಂದ್ರ ಸುಮಾರು 206 ಹರ್ಟ್ಸ್, ಸ್ಥಾಯಿಯನ್ನು 1200 ಸೆಂಟ್ ಎಂದು ಹಂಚಿದರೆ 50 ಸೆಂಟಿಗೂ ತುಸು ಹೆಚ್ಚು. ತಂಬೂರಿಯ ಪಕ್ಕದಲ್ಲಿ ಇದನ್ನು ಯಾರೂ ಸಹಿಸುವುದಿಲ್ಲ. ಇದೇ ಮಾಡ್ಯುಲೇಟರನ್ನು ಲೀನಿಯರ್ ತೂತಿಗೆ ಕೊಟ್ಟು ಅಷ್ಟೇ ಅಗಲಕ್ಕೆ, ಅಂದರೆ 350ರಿಂದ 50ರವರೆಗೆ ತೂಗಿಸಿ ನೋಡಿ. ಮೇಲಕ್ಕೆ 150, ಕೆಳಕ್ಕೆ 150. ಸರಾಸರಿ 200. ಗುಂಡಿಯನ್ನು ಅರ್ಧಕ್ಕಿಳಿಸಿದರೂ 200. ಕಿವಿಯ ಅನುಪಾತದ ಕಣ್ಣಿಂದ ನೋಡಿದರೆ ಈ ತೂಗಾಟ ಸೊಟ್ಟಗಿದೆ, ಕೆಳಕ್ಕೆ ಎರಡು ಸ್ಥಾಯಿ ಇಳಿದು ಮೇಲಕ್ಕೆ ಒಂದು ಸ್ಥಾಯಿಯೂ ಪೂರ್ತಿ ಏರುವುದಿಲ್ಲ. ಆದರೂ ಷಡ್ಜ ಉಳಿಯುವುದು ಈ ಸೊಟ್ಟ ತೂಗಾಟದಲ್ಲೇ.

ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು: ಕಮ್ಯುನಿಕೇಷನ್ ಪಠ್ಯದಲ್ಲಿ ಎಫ್‌ಎಂ ಬಗ್ಗೆ ಇಡೀ ಅಧ್ಯಾಯ ಓದಿದ್ದೇವೆ, ಬೆಸೆಲ್ ಫಂಕ್ಷನ್ ಬರೆದಿದ್ದೇವೆ, ಕಾರ್ಸನ್ ನಿಯಮ ಹಚ್ಚಿ ಬ್ಯಾಂಡ್‌ವಿಡ್ತ್ ತೆಗೆದಿದ್ದೇವೆ, ಎಕ್ಸ್‌ಪೊನೆನ್ಷಿಯಲ್ ಎಂಬ ಮಾತೇ ಅಲ್ಲಿ ಬರಲಿಲ್ಲವಲ್ಲ? ಬರದಿದ್ದುದಕ್ಕೂ ಲೆಕ್ಕವೇ ಕಾರಣ. ಆಕಾಶವಾಣಿ ಹಾಸನ ಕೇಂದ್ರ ಬಿತ್ತರಿಸುವುದು 102.2 ಮೆಗಾಹರ್ಟ್ಸ್‌ನಲ್ಲಿ. ಎಫ್‌ಎಂ ಬಾನುಲಿಯಲ್ಲಿ ಆವೃತ್ತಿ ಹೆಚ್ಚೆಂದರೆ 75 ಕಿಲೋಹರ್ಟ್ಸ್ ಅತ್ತಿತ್ತ ತೂಗುತ್ತದೆ. 75 ಕಿಲೋಹರ್ಟ್ಸ್ ಕೇಳಲು ದೊಡ್ಡದು, 102.2 ಮೆಗಾಹರ್ಟ್ಸ್‌ಗೆ ಹೋಲಿಸಿದರೆ ಶೇಕಡಾ 0.073. ಸ್ವರದ ಭಾಷೆಯಲ್ಲಿ ಒಂದೂ ಕಾಲು ಸೆಂಟ್. ಇಷ್ಟು ಸಣ್ಣ ತೂಗಾಟದಲ್ಲಿ ಎಕ್ಸ್‌ಪೊನೆನ್ಷಿಯಲ್ ಗೆರೆಯೂ ನೇರ ಗೆರೆಯೂ ಒಂದರ ಮೇಲೊಂದು ಕೂತುಬಿಡುತ್ತವೆ. ಹಾಸನದ ಪ್ರಸಾರ ಯಂತ್ರವನ್ನು ಯಾರಾದರೂ ಹಟಕ್ಕೆ ಬಿದ್ದು ಎಕ್ಸ್‌ಪೊನೆನ್ಷಿಯಲ್ ಮಾಡಿದರೂ ಅದರ ಕೇಂದ್ರ ಕದಲುವುದು ಸುಮಾರು 14 ಹರ್ಟ್ಸ್ ಮಾತ್ರ, ರೇಡಿಯೊ ಸೆಟ್ಟಿಗೆ ಅದು ಗೊತ್ತೇ ಆಗುವುದಿಲ್ಲ. ಸಿಂಥಸೈಜರಿನಲ್ಲಿ ತೂಗಾಟ ಕ್ಯಾರಿಯರಿನಷ್ಟೇ, ಅಂದರೆ ತೂಗುವ ಮೂಲ ಅಲೆಯ ಆವೃತ್ತಿಯಷ್ಟೇ, ದೊಡ್ಡದಾಗಿರುತ್ತದೆ, ಕೆಲವೊಮ್ಮೆ ಅದಕ್ಕಿಂತ ದೊಡ್ಡದು. ರೇಡಿಯೊ ಪಠ್ಯ ಬದಿಗಿಡಬಹುದಾದ ಭೇದವನ್ನು ಸಂಗೀತ ಬದಿಗಿಡಲಾರದು. ನಿಮ್ಮ ಅಧ್ಯಾಯದಲ್ಲಿ ತಪ್ಪೇನಿಲ್ಲ, ಅದು ಒಂದು ಮೂಲೆಯ ಕತೆಯನ್ನಷ್ಟೇ ಹೇಳುತ್ತದೆ. ಇನ್ನೊಂದು ಮಾತು: 102.2 ಮೆಗಾಹರ್ಟ್ಸ್‌ನ ಸೈಡ್‌ಬ್ಯಾಂಡುಗಳನ್ನು (ತೂಗಾಟದಿಂದ ಅಕ್ಕಪಕ್ಕ ಹುಟ್ಟುವ ಅಂಶಸ್ವರಗಳನ್ನು) ಯಾವ ಮನುಷ್ಯನೂ ಕೇಳಲಾರ. 200 ಹರ್ಟ್ಸ್‌ನ ಸೈಡ್‌ಬ್ಯಾಂಡುಗಳನ್ನು ಸಂಗೀತ ಕಲಿತ ಯಾರು ಬೇಕಾದರೂ ಕೇಳಬಲ್ಲರು.

ಅವು ಎಲ್ಲೆಲ್ಲಿ ಬೀಳುತ್ತವೆ ಎಂಬುದರಲ್ಲೇ ಲೀನಿಯರ್ ಎಫ್‌ಎಂನ ಸೊಗಸಿದೆ. ಕ್ಯಾರಿಯರಿನ ಎರಡೂ ಕಡೆ ಮಾಡ್ಯುಲೇಟರಿನ ಆವೃತ್ತಿಯಷ್ಟು ದೂರದಲ್ಲಿ ಒಂದೊಂದು, ಅದರ ಎರಡರಷ್ಟು ದೂರದಲ್ಲಿ ಇನ್ನೊಂದೊಂದು, ಹೀಗೆ ಸಾಲಾಗಿ ನಿಲ್ಲುತ್ತವೆ. ಸೊನ್ನೆಗಿಂತ ಕೆಳಗೆ ಬಿದ್ದದ್ದು ಮಡಚಿಕೊಂಡು ಮತ್ತೆ ಮೇಲೆ ಬರುತ್ತದೆ. ಕ್ಯಾರಿಯರ್ 200, ಮಾಡ್ಯುಲೇಟರ್ 200 ಆದರೆ ಸಿಗುವುದು 200, 400, 600, 800, 1000. ಎಲ್ಲವೂ ಷಡ್ಜದ ಪೂರ್ಣಾಂಕ ಗುಣಕಗಳು, ಅಂದರೆ ಅದರ ಸ್ವಯಂಭೂ ಸ್ವರಗಳೇ. ಆ 1000 ಹರ್ಟ್ಸ್, ಚೆನ್ನಾಗಿ ಜೀವಾಳ (ಕುದುರೆಯ ಮೇಲೆ ತಂತಿಯಡಿ ಇಡುವ ನೂಲು) ಕೂಡಿಸಿದ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರ. ಮಾಡ್ಯುಲೇಟರನ್ನು 400ಕ್ಕೆ ಏರಿಸಿದರೆ 200, 600, 1000 ಮಾತ್ರ ಉಳಿದು ಬೆಸಸಂಖ್ಯೆಯ ಅಂಶಸ್ವರಗಳಿಂದಾದ ಕ್ಲಾರಿನೆಟ್ಟಿನ ಪೊಳ್ಳು ದನಿ ಬರುತ್ತದೆ. 280ಕ್ಕೆ ಇಟ್ಟರೆ 80, 200, 360, 480, 760 ಹೀಗೆ ಒಂದಕ್ಕೊಂದು ಸರಳ ಸಂಬಂಧವಿಲ್ಲದವು ಸೇರಿ ಗಂಟೆಯ ದನಿಯಾಗುತ್ತದೆ. ಈ ಅನುಪಾತಗಳನ್ನು ಸಂಗೀತಕ್ಕೆ ತಂದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್. 1967ರಲ್ಲಿ ಕಂಪ್ಯೂಟರಿನಲ್ಲಿ ವೈಬ್ರಾಟೊ ವೇಗವನ್ನು ಹೆಚ್ಚಿಸುತ್ತಾ ಹೋಗಿ ಇದನ್ನು ಕಂಡರು, 1973ರಲ್ಲಿ ಪ್ರಬಂಧ ಪ್ರಕಟಿಸಿದರು, 1983ರಲ್ಲಿ ಯಮಾಹಾ ಅದನ್ನು ಡಿಎಕ್ಸ್7 ಕೀಬೋರ್ಡಾಗಿ ಮಾರುಕಟ್ಟೆಗೆ ತಂದಿತು. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವರ ಬೆರಳಿಗೆ ಸಿಗುವ ಹೊಳಪಿನ ಎಲೆಕ್ಟ್ರಿಕ್ ಪಿಯಾನೊ ದನಿಯ ಮೂಲ ಅಲ್ಲಿದೆ. ಈಗ ಮೊದಲನೆಯ ಉದಾಹರಣೆಯನ್ನೇ, ಕ್ಯಾರಿಯರೂ ಮಾಡ್ಯುಲೇಟರೂ 200 ಇರುವುದನ್ನು, ಒಂದು ಸ್ಥಾಯಿಯ ಅದೇ ತೂಗಾಟದೊಂದಿಗೆ ಎಕ್ಸ್‌ಪೊನೆನ್ಷಿಯಲ್ ತೂತಿಗೆ ಕೊಡಿ. ಕೇಂದ್ರ 224.8ಕ್ಕೆ ಸರಿದಿರುವುದರಿಂದ ಸಾಲು 24.8, 175.2, 224.8, 375.2, 424.8 ಎಂದಾಗುತ್ತದೆ. 200ರ ಜಾಗದಲ್ಲಿ ಏನೂ ಇಲ್ಲ, ಅದರ ಆಚೀಚೆ ಎರಡು. 400ರ ಜಾಗದಲ್ಲೂ ಹಾಗೆಯೇ. ಸ್ವಯಂಭೂ ಗಾಂಧಾರವನ್ನಂತೂ ಕೇಳಲೇಬೇಡಿ.

ಇದಕ್ಕೆ ಮಾಡ್ಯುಲರ್ ಬಳಸಿ ಬಲ್ಲವರ ಆಕ್ಷೇಪವೊಂದಿದೆ, ಅದು ಗಟ್ಟಿಯಾದದ್ದು. ಲೀನಿಯರ್ ತೂತಿಗೆ ಕೊಟ್ಟರೂ ಗುಂಡಿ ಜೋರಾಗಿ ತಿರುಗಿಸಿದಾಗ ಶ್ರುತಿ ಕದಲುತ್ತದೆ, ಹಾಗಾಗಿ ನಿಮ್ಮ ಲೆಕ್ಕ ಪುಸ್ತಕದ್ದು ಎನ್ನುತ್ತಾರೆ ಅವರು. ಕದಲುವುದು ನಿಜ. ಆದರೆ ಯಾವಾಗ ಕದಲುತ್ತದೆ ಎಂದು ಅದೇ ಲೆಕ್ಕ ಮೊದಲೇ ಹೇಳುತ್ತದೆ. 200 ಹರ್ಟ್ಸ್ ಅಲೆಯನ್ನು 300 ಹರ್ಟ್ಸ್ ಅತ್ತಿತ್ತ ತೂಗಿಸಿದರೆ ಕೆಳಗಿನ ತುದಿ ಮೈನಸ್ 100ಕ್ಕೆ ಹೋಗಬೇಕು. ಸಾಮಾನ್ಯ ಆಸಿಲೇಟರ್ ಸೊನ್ನೆಗೆ ಬಂದು ನಿಂತುಬಿಡುತ್ತದೆ. ಕೆಳಗಿನ ತುಂಡು ಕತ್ತರಿಸಿಹೋದ ಮೇಲೆ ಸರಾಸರಿ ಮೇಲೇರಲೇಬೇಕು. ಋಣ ಆವೃತ್ತಿ ಎಂಬುದು ಗಣಿತದ ಆಟವೇನಲ್ಲ, ಅಲೆ ಹಿಂದುಮುಂದಾಗಿ ಓಡುವುದು ಅಷ್ಟೆ. ಸೊನ್ನೆಗೆ ಬಂದಾಗ ಕೆಪಾಸಿಟರ್ ತುಂಬುವ ದಿಕ್ಕನ್ನೇ ತಿರುಗಿಸುವ ಆಸಿಲೇಟರುಗಳಿವೆ, ಅವನ್ನು ಥ್ರೂ-ಜೀರೊ ಎನ್ನುತ್ತಾರೆ, ಅಲ್ಲಿ ಈ ಮಿತಿ ಇಲ್ಲ. ಅದಿಲ್ಲದ ಆಸಿಲೇಟರಿನಲ್ಲಿ ತೂಗಾಟವನ್ನು ಕ್ಯಾರಿಯರಿನ ಆವೃತ್ತಿಯೊಳಗೇ ಇಟ್ಟುಕೊಳ್ಳಬೇಕು. ಮಾಡ್ಯುಲೇಟರೂ ಅದೇ ಆವೃತ್ತಿಯಲ್ಲಿದ್ದರೆ ಮಾಡ್ಯುಲೇಷನ್ ಇಂಡೆಕ್ಸ್ (ತೂಗಾಟವನ್ನು ಮಾಡ್ಯುಲೇಟರಿನ ಆವೃತ್ತಿಯಿಂದ ಭಾಗಿಸಿದ ಅಂಕಿ) 1 ದಾಟುವಂತಿಲ್ಲ. ಪಠ್ಯದಲ್ಲಿ ಇಂಡೆಕ್ಸ್ 2.405ಕ್ಕೆ ಕ್ಯಾರಿಯರ್ ಮಾಯವಾಗುತ್ತದೆ ಎಂದು ಓದಿರುತ್ತೀರಿ, ಒಂದಕ್ಕೊಂದು ಅನುಪಾತದಲ್ಲಿ ಆ ಇಂಡೆಕ್ಸ್ ಮುಟ್ಟಲು ಥ್ರೂ-ಜೀರೊ ಬೇಕೇ ಬೇಕು. ಎರಡನೆಯ ಕಾರಣ ಮಾಡ್ಯುಲೇಟರಿನಲ್ಲಿ ಅಡಗಿರುವ ಡಿಸಿ. ಅಲೆ ಸೊನ್ನೆಯ ಸುತ್ತ ಸಮನಾಗಿ ತೂಗದೆ ಒಂದು ಪಕ್ಕಕ್ಕೆ ವಾಲಿದ್ದರೆ ಆ ವಾಲಿಕೆ ನೇರವಾಗಿ ಹರ್ಟ್ಸ್ ಆಗಿ ಕೂಡಿಕೊಳ್ಳುತ್ತದೆ. ಅದಕ್ಕೇ ಅನೇಕ ಆಸಿಲೇಟರುಗಳ ಲೀನಿಯರ್ ತೂತಿನ ಹಿಂದೆ ಡಿಸಿ ತಡೆಯುವ ಕೆಪಾಸಿಟರ್ ಇರುತ್ತದೆ. ಅದೇ ಕಾರಣಕ್ಕೆ ಆ ತೂತಿಗೆ ತೀರಾ ನಿಧಾನದ ಗಮಕ ಕೊಟ್ಟರೆ ಒಳಕ್ಕೆ ಹೋಗುವುದೂ ಇಲ್ಲ.

ಮೂರನೆಯ ತೊಡಕು ಇವೆರಡಕ್ಕಿಂತ ಸೂಕ್ಷ್ಮ. ಕ್ಯಾರಿಯರನ್ನೂ ಮಾಡ್ಯುಲೇಟರನ್ನೂ ಒಂದು ಸ್ಥಾಯಿ ಮೇಲೆ ಒಯ್ದಾಗ ತೂಗಾಟ ಅಷ್ಟೇ ಹರ್ಟ್ಸ್‌ನಲ್ಲಿ ಉಳಿದರೆ ಇಂಡೆಕ್ಸ್ ಅರ್ಧವಾಗುತ್ತದೆ, ಮೇಲಿನ ಸ್ವರಗಳ ಬಣ್ಣ ಮಂಕಾಗುತ್ತದೆ. ಇದಕ್ಕೆ ಉಪಾಯ ಮಾಡ್ಯುಲೇಟರಿನ ಕರೆಂಟನ್ನು ಎಕ್ಸ್‌ಪೊನೆನ್ಷಿಯಲ್ ಪರಿವರ್ತಕದ ಹಿಂದೆ, ಅದರ ಆಧಾರ ಕರೆಂಟಿಗೇ ಸೇರಿಸುವುದು. ಆಗ ತೂಗಾಟವೂ ಸ್ವರದ ಜೊತೆ ಬೆಳೆಯುತ್ತದೆ. ಡಗ್ ಕರ್ಟಿಸ್ ರೂಪಿಸಿದ ಸಿಇಎಂ3340 ಎಂಬ ಪ್ರಸಿದ್ಧ ಆಸಿಲೇಟರ್ ಚಿಪ್ಪಿನಲ್ಲಿ ಲೀನಿಯರ್ ಎಫ್‌ಎಂಗೆಂದು ಇರುವ ಕಾಲು ಹೀಗೇ ಕೆಲಸ ಮಾಡುತ್ತದೆ. ಸ್ವರ ಎಲ್ಲಿದೆ ಎಂಬುದನ್ನು ಅನುಪಾತ ತೀರ್ಮಾನಿಸುತ್ತದೆ, ಅದರ ಸುತ್ತಣ ವೇಗದ ತೂಗಾಟವನ್ನು ಹರ್ಟ್ಸ್ ತೀರ್ಮಾನಿಸುತ್ತದೆ, ಎರಡೂ ಒಂದೇ ಟ್ರಾನ್ಸಿಸ್ಟರ್ ಜೋಡಿಯಲ್ಲಿ ಸೇರಿಕೊಳ್ಳುತ್ತವೆ. ವಿನ್ಯಾಸ ಮಾಡಿದವರಿಗೆ ಈ ಭೇದ ಎಷ್ಟು ಸ್ಪಷ್ಟವಾಗಿತ್ತು ಎಂಬುದಕ್ಕೆ ಆ ಒಂದು ಕಾಲು ಸಾಕ್ಷಿ.

ಸಂಗೀತದ ವಿದ್ಯಾರ್ಥಿಗಳ ಕಡೆಯಿಂದ ಬರಬಹುದಾದ ಮಾತು ಬೇರೆ. ನಮ್ಮದು ಗಮಕದ ಸಂಗೀತ, ನಾದದ ಬಣ್ಣ ಬದಲಿಸುವ ಚಟ ನಮಗೇಕೆ ಎಂದು ಕೇಳಬಹುದು. ನಾದದ ಬಣ್ಣದ ಬಗ್ಗೆ ನಮ್ಮಷ್ಟು ತಲೆಕೆಡಿಸಿಕೊಂಡವರು ಕಡಿಮೆ ಎಂಬುದೇ ಇದಕ್ಕೆ ಉತ್ತರ. ಸಿ.ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಜೊತೆ, ಆಮೇಲೆ 1934ರಲ್ಲಿ ತಾವೊಬ್ಬರೇ, ಮೃದಂಗದ ಬಲಮುಖದ ಬಗ್ಗೆ ಬರೆದರು. ಸಾಮಾನ್ಯ ಚರ್ಮವಾದ್ಯದ ಅಂಶಸ್ವರಗಳು ಗಂಟೆಯವುಗಳಂತೆ ಅಡ್ಡಾದಿಡ್ಡಿ ಇರುತ್ತವೆ, ಮಧ್ಯದಲ್ಲಿ ಹಚ್ಚುವ ಕಪ್ಪು ಕರಣೆ ಅವನ್ನು ಪೂರ್ಣಾಂಕದ ಅನುಪಾತಕ್ಕೆ ತರುತ್ತದೆ ಎಂದು ತೋರಿಸಿದರು. 1921ರಲ್ಲಿ ವೀಣೆ ಮತ್ತು ತಂಬೂರಿಯ ಕುದುರೆಯ ಬಗ್ಗೆ ಬರೆಯುತ್ತಾ, ಮೀಟಿದ ಜಾಗದ ಕಾರಣದಿಂದ ಕೇಳಬಾರದಾಗಿದ್ದ ಅಂಶಸ್ವರಗಳೂ ಅಲ್ಲಿ ಕೇಳುತ್ತವೆ ಎಂದರು. ಅಡ್ಡಾದಿಡ್ಡಿಯಾದದ್ದನ್ನು ಪೂರ್ಣಾಂಕಕ್ಕೆ ತರುವುದು, ಒಂದು ಸ್ವರದಿಂದ ಸ್ವಯಂಭೂ ಸ್ವರಗಳ ಸಾಲನ್ನು ಎಬ್ಬಿಸುವುದು, ಇವೆರಡೂ ಕರಣೆಯ ಮತ್ತು ಜೀವಾಳದ ಕೆಲಸಗಳು. ಪೂರ್ಣಾಂಕ ಅನುಪಾತದ ಲೀನಿಯರ್ ಎಫ್‌ಎಂ ಮಾಡುವುದೂ ಅದನ್ನೇ. ವಿದ್ಯುನ್ಮಾನ ನಾದವೇ ಅಸ್ಪೃಶ್ಯ ಎನ್ನುವ ಕಾಲ ಮುಗಿದು ಬಹಳ ದಿನವಾಯಿತು. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ರೂಪಿಸಿದ ವಿದ್ಯುನ್ಮಾನ ತಂಬೂರಿ ಕಛೇರಿಗಳಿಗೂ ಮನೆಪಾಠಗಳಿಗೂ ದಾರಿ ಮಾಡಿಕೊಂಡಿತು. ಅದಕ್ಕೂ ಮುಂಚೆ, 1969ರಲ್ಲೇ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಮಾಡ್ಯುಲರ್ ಬಂದು ಕೂತಿತ್ತು, ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಕೆಲಸ ಮಾಡಿದ್ದರು. ಗಮಕಕ್ಕೂ ಇಲ್ಲಿ ಧಕ್ಕೆಯಿಲ್ಲ. ಕಂಪಿತವನ್ನು ಎಕ್ಸ್‌ಪೊನೆನ್ಷಿಯಲ್ ತೂತಿಗೆ ಕೊಡಿ, ಬಣ್ಣವನ್ನು ಲೀನಿಯರ್ ತೂತಿಗೆ ಕೊಡಿ. ಎರಡು ತೂತು ಇರುವುದೇ ಅದಕ್ಕೆ.

ಡಿಎಕ್ಸ್7 ಕಾಲದಿಂದಲೂ ಡಿಜಿಟಲ್ ಇದನ್ನು ಇನ್ನೂ ಶುದ್ಧವಾಗಿ ಮಾಡುತ್ತದಲ್ಲ ಎಂಬ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಡಿಎಕ್ಸ್7 ಆವೃತ್ತಿಯ ಬದಲು ಅಲೆಯ ಹಂತವನ್ನೇ ತೂಗಿಸುತ್ತದೆ, ಹಾಗಾಗಿ ಡಿಸಿಯ ಕಾಟವೂ ಅಲ್ಲಿಲ್ಲ. ಹಾಡು ಮಾಡುವುದಷ್ಟೇ ಉದ್ದೇಶವಾದರೆ ಅದೇ ಉತ್ತಮ. ಆದರೆ ಎಲ್ಲವೂ ಸರಿಯಾಗಿಯೇ ನಡೆಯುವ ಯಂತ್ರದಲ್ಲಿ ಯಾಕೆ ಸರಿ ಎಂಬುದು ಕಾಣುವುದಿಲ್ಲ. ಎರಡು ತೂತಿನ ಆಸಿಲೇಟರಿನಲ್ಲಿ ಒಂದೇ ವೈರನ್ನು ಆ ಕಡೆಯಿಂದ ಈ ಕಡೆಗೆ ಕಿತ್ತು ಹಾಕಿದಾಗ ಷಡ್ಜ ರಿಷಭಕ್ಕೆ ಹೋಗಿ ವಾಪಸ್ ಬರುವುದನ್ನು ಕೇಳಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಹೊರದೇಶದಿಂದ ತರಿಸುವ ಮಾಡ್ಯೂಲುಗಳು ವಿದ್ಯಾರ್ಥಿಗಳ ಕೈಗೆ ಎಟುಕುವಂಥವಲ್ಲ, ಅದೂ ಸರಿ. ತರಿಸಬೇಕಿಲ್ಲ. ವಿಸಿವಿ ರ‍್ಯಾಕ್ ಎಂಬ ಉಚಿತ ತಂತ್ರಾಂಶದ ಮೂಲ ಆಸಿಲೇಟರಿನಲ್ಲೇ ಎರಡೂ ಬಗೆಯ ಎಫ್‌ಎಂ ಬದಲಿಸುವ ಗುಂಡಿ ಇದೆ. ಬೆಸುಗೆ ಹಾಕಲು ಕೈ ತುರಿಸುವವರಿಗೆ ಎಕ್ಸ್‌ಆರ್2206 ಚಿಪ್ಪು ಸಾಕು. 1 ಮೈಕ್ರೊಫ್ಯಾರಡ್ ಕೆಪಾಸಿಟರಿಗೆ 5 ಕಿಲೋಓಮ್ ರೆಸಿಸ್ಟರ್ ಸೇರಿಸಿದರೆ ಸುಮಾರು 200 ಹರ್ಟ್ಸ್ ಬರುತ್ತದೆ, ಆ ರೆಸಿಸ್ಟರ್ ಇರುವ ಕಾಲಿನಿಂದ ಹರಿಯುವ ಕರೆಂಟಿಗೆ ಆವೃತ್ತಿ ನೇರ ಅನುಪಾತದಲ್ಲಿರುತ್ತದೆ. ಅಂದರೆ ಹುಟ್ಟಿನಿಂದಲೇ ಅದು ಲೀನಿಯರ್. ಸಿಂಥಸೈಜರ್ ತಯಾರಕರು ಹೆಚ್ಚು ಶ್ರಮಪಟ್ಟು ಎಕ್ಸ್‌ಪೊನೆನ್ಷಿಯಲ್ ಮಾಡಿಕೊಂಡರು. ಪ್ರಯೋಗಾಲಯದ ಚಿಪ್ಪಿಗೆ ಆ ಶ್ರಮವಿಲ್ಲ.

ಇಂಥ ಎರಡು ಆಸಿಲೇಟರುಗಳನ್ನು ಜೋಡಿಸಿದಾಗ ಶ್ರುತಿ ಕೂಡಿಸುವುದು ಯಾರ ಕೆಲಸ ಎಂಬುದು ಉಳಿದ ಪ್ರಶ್ನೆ. ಕ್ಯಾರಿಯರ್ 200ರಲ್ಲಿದ್ದು ಮಾಡ್ಯುಲೇಟರ್ 201ಕ್ಕೆ ಸರಿದಿದೆ ಎನ್ನಿ. ಕೆಳಗಿನ ಎರಡನೆಯ ಸೈಡ್‌ಬ್ಯಾಂಡ್ ಮೈನಸ್ 202ಕ್ಕೆ ಬಿದ್ದು, ಮಡಚಿಕೊಂಡು 202 ಆಗಿ, 200ರ ಪಕ್ಕದಲ್ಲಿ ಕೂರುತ್ತದೆ. ಸೆಕೆಂಡಿಗೆ ಎರಡು ಬಡಿತ ಕೇಳುತ್ತದೆ, ತಪ್ಪಿರುವುದು ಒಂದೇ ಹರ್ಟ್ಸ್ ಆದರೂ. ಮಲ್ಟಿಮೀಟರಿನ ಹುಡುಗನಿಗಿಂತ ತಂಬೂರಿಯ ನಡುವಿನ ಎರಡು ತಂತಿಗಳನ್ನು ಕೂಡಿಸಿ ಅಭ್ಯಾಸವಿರುವ ಹುಡುಗಿ ಈ ಬಡಿತವನ್ನು ಬೇಗ ಹಿಡಿಯುತ್ತಾಳೆ. ಟ್ರಿಮ್‌ಪಾಟ್ ಎಲ್ಲಿದೆ, ಎತ್ತ ತಿರುಗಿಸಬೇಕು ಎಂದು ಆ ಹುಡುಗ ತೋರಿಸಲಿ. ಮೂರು ಸ್ಥಾಯಿಗೂ ಬಡಿತ ನಿಲ್ಲುವವರೆಗೆ ಇಬ್ಬರೂ ಏಳಬಾರದು.

ಇಂತಿ,
ನಿಮ್ಮ ವಿಶ್ವಾಸದ ಓದುಗ